ಜಲಜಾ ಸೂಜಿ ಹಿಡಿದು ಚೇರಿಗೆ ಹೋದದ್ದು

೧೯೭೩ರ ಬೇಸಿಗೆಯಲ್ಲಿ ಮದರಾಸಿನ ಕ್ರೋಂಪೇಟೆಗೆ ಕಾಲರಾ ಬಂದಾಗ ಅದರ ಸೂಜಿಮದ್ದು ಮೊದಲು ತಲುಪಿದ್ದು ಕಾಲರಾ ಇಲ್ಲದ ಬೀದಿಗಳಿಗೆ. ಹಾಕಬೇಕಾದವಳು ಆರೋಗ್ಯ ಕಚೇರಿಯ ನರ್ಸ್ ಜಲಜಾ. ಬಂಗಾರಪೇಟೆಯಿಂದ ವರ್ಗವಾಗಿ ಬಂದ ರೈಲ್ವೆ ಕಲಾಸಿಯ ಮಗಳು. ಮೇಲಧಿಕಾರಿಗಳ ಎದುರು ಅವಳಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಯಾರೂ ಕಲಿಸಿರಲಿಲ್ಲ.

ರೋಗವಿದ್ದದ್ದು ತೊಗಲು ಹದಮಾಡುವ ಕಾರ್ಖಾನೆಯ ಹಿಂದೆ, ದಲಿತ ಕೆಲಸಗಾರರ ಗುಡಿಸಲುಗಳ ಚೇರಿಯಲ್ಲಿ. ಒಂದೇ ವಾರದಲ್ಲಿ ಆರು ಜನ ಸತ್ತಿದ್ದರು. ಆರೋಗ್ಯಾಧಿಕಾರಿ ಶಂಕರನಾರಾಯಣ ಚೇರಿಯ ಫೈಲನ್ನೂ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಓದುತ್ತಿದ್ದರು.

“ಮೊದಲು ರೈಲ್ವೆ ಕ್ವಾರ್ಟರ್ಸು. ಚೇರಿ ಅಪ್ಪುರಂ, ಆಮೇಲೆ ನೋಡೋಣ. ಅವರ ಮೈ ಗಟ್ಟಿ ಜಲಜಾ, ತಡಕೋತಾರೆ,” ಎಂದರು.

“ಸತ್ತ ಆರು ಜನಕ್ಕೆ ಅದು ಗೊತ್ತಿರ್ಲಿಲ್ಲ ಸಾರ್.”

ಕ್ವಾರ್ಟರ್ಸಿನಲ್ಲಿ ಸೂಜಿ ಕಂಡ ಗಂಡಸರು ಬಚ್ಚಲು ಸೇರಿಕೊಂಡರು. ಹೆಡ್‌ಕ್ಲಾರ್ಕೊಬ್ಬ ರಾಹುಕಾಲ ಕಳೆಯಲಿ ಎಂದ. ಕಳೆದ ಮೇಲೆ ಹೆಂಡತಿಯನ್ನು ಮುಂದೆ ತಳ್ಳಿದ. ಮಧ್ಯಾಹ್ನದವರೆಗೆ ಚುಚ್ಚಿಸಿಕೊಂಡವರು ಹನ್ನೊಂದು ಜನ. ಪೆಟ್ಟಿಗೆಯ ಐಸು ಕರಗುತ್ತಿತ್ತು.

ಗೇಟಿನ ಬಳಿ ಚೇರಿಯ ಕಾಂತಪ್ಪ ಕಾಯುತ್ತಿದ್ದ. ಕೋಲಾರದ ಕಡೆಯವನು, ಕಾರ್ಖಾನೆಯಲ್ಲಿ ತೊಗಲು ನೆನೆಹಾಕುವ ಸುಣ್ಣದ ಗುಂಡಿಯ ಕೆಲಸ.

“ಅಕ್ಕಾ, ನನ್ನ ಹೆಂಡ್ತಿಗೂ ಕಾಲರಾ ಬಂದೈತೆ. ಅವಳನ್ನ ಆಸ್ಪತ್ರೇಲಿ ವರಾಂಡದಾಗೇ ಮಲಗಿಸವ್ರೆ. ಒಳಗೆ ಮಂಚ ಖಾಲಿ ಐತೆ. ತೊಗಲಿನ ವಾಸನೆ ಅಂತಾರೆ.”

“ಅವರ ಕಾಲಲ್ಲಿರೋ ಚಪ್ಪಲಿ ಬಾಳೆಲೇದೇನು?” ಎಂದಳು ಜಲಜಾ. ಪೆಟ್ಟಿಗೆಯನ್ನು ಅವನ ಸೈಕಲ್ಲಿನ ಹಿಂದೆ ಕಟ್ಟಿಸಿದಳು.

ಮೊದಲು ಆಸ್ಪತ್ರೆ. ತಡೆಯಬಂದ ವಾರ್ಡ್‌ಬಾಯ್‌ಗೆ, “ಕಾಲು ನೀನು ಹಿಡಿ, ತಲೆ ನಾನು,” ಎಂದಳು. ಅವಳ ಬಿಳಿ ಸೀರೆ ನೋಡಿ ಅವನು ಹಿಡಿದೇಬಿಟ್ಟ. ರೋಗಿ ಮಂಚ ಸೇರಿ, ಸಲೈನ್ ಹತ್ತಿದ ಮೇಲೆಯೇ ಜಲಜಾ ಹೊರಟದ್ದು.

ಚೇರಿಯಲ್ಲಿ ಯಾರೂ ಅವಿತುಕೊಳ್ಳಲಿಲ್ಲ. ಒಬ್ಬ ಮುದುಕಿ ಎರಡೂ ತೋಳು ಚಾಚಿ, “ಎರಡಕ್ಕೂ ಹಾಕಮ್ಮಾ, ನಾಳೆ ನೀನು ಬರ್ತೀಯೋ ಇಲ್ಲವೋ,” ಎಂದು ತಮಿಳಿನಲ್ಲಿ ಕೇಳಿದಳು. ಜಲಜಾ ಅವಳ ಒಂದು ತೋಳಿಗೆ ಚುಚ್ಚಿದಳು. ಸಂಜೆಗೆ ನೂರನಲವತ್ತು ಜನಕ್ಕೆ ಹಾಕಿ ಮುಗಿಸಿದಳು.

ಮರುದಿನ ಶಂಕರನಾರಾಯಣ ಸಿಡಿದರು. “ಯಾರ ಆರ್ಡರ್ ಮೇಲೆ ಹೋದೆ?”

“ಆರ್ಡರಿಗೆ ಕಾದಿದ್ರೆ ಹೆಣಕ್ಕೆ ಚುಚ್ಚಬೇಕಿತ್ತು ಸಾರ್.”

ಅವಳನ್ನು ಅಂಬತ್ತೂರಿಗೆ ವರ್ಗ ಮಾಡಿ ಎತ್ತಿಹಾಕಿದರು. ಚೇರಿಯ ನೂರನಲವತ್ತು ಜನ ಮಾತ್ರ ಶಂಕರನಾರಾಯಣರ ವರದಿಯಲ್ಲಿ ಸಾಹೇಬರದೇ ಸಾಧನೆಯಾಗಿ ಸೇರಿಕೊಂಡರು; ಅದಕ್ಕೆ ಪ್ರಶಂಸಾಪತ್ರವೂ ಬಂತು. ಚೇರಿಯಲ್ಲಿ ಮತ್ತಿಬ್ಬರು ಸತ್ತು ರೋಗ ನಿಂತಿತು. ಕಾಂತಪ್ಪನ ಹೆಂಡತಿ ಒಂಬತ್ತನೆಯ ದಿನ ನಡೆದುಕೊಂಡೇ ಮನೆಗೆ ಬಂದಳು. ಚೇರಿಯ ಬಾವಿಗೆ ಕ್ಲೋರಿನ್ ಬಿದ್ದದ್ದು ಮಳೆಗಾಲ ಮುಗಿದ ಮೇಲೆ.