ಹನ್ನೆರಡು ವರ್ಷ ಹೊಲಿದ ಪಯಣ

ಪುಸ್ತಕಕ್ಕೆ ರಟ್ಟು ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಳೆಗಳು ಚಿಂದಿಯಾಗಿ ಬಂದರೂ ಸರಿ, ದಾರಕ್ಕೆ ಮೇಣ ಸವರಿ ಹೊಲಿದು, ಬೆನ್ನಿಗೆ ಅಂಟು ಬಳಿದು, ಒಂದು ಹಗಲು ಒತ್ತುಯಂತ್ರದಡಿ ಇಟ್ಟನೆಂದರೆ ಮದುಮಗಳಂತೆ ಹೊರಬರುತ್ತಿದ್ದವು. ಕೆಟ್ಟದ್ದೆಂದರೆ, ಅವನು ಕಟ್ಟಿದ್ದನ್ನು ಓದುತ್ತಲೂ ಇದ್ದ. ಒಮ್ಮೆ ಗ್ರಂಥಾಲಯದಿಂದ ದೂರದ ದ್ವೀಪಗಳ ಹಕ್ಕಿಗಳ ದಪ್ಪ ಪುಸ್ತಕವೊಂದು ಬಂತು. ವಾರದ ಕೆಲಸ, ಪುಸ್ತಕ ಹಿಂದಿರುಗಿದ್ದು ಎರಡು ವರ್ಷದ ಮೇಲೆ. ಅಷ್ಟರಲ್ಲಿ ಪುಸ್ತಕದ ಹುಳು ಅವನ ತಲೆಗೆ ದಾಟಿತ್ತು.

ಅದರಲ್ಲಿದ್ದ ಒಂದು ದ್ವೀಪಕ್ಕೆ ಹೋಗಬೇಕು, ಆದರೆ ಅರೆಬರೆ ತಯಾರಿಯಲ್ಲಿ ಅಲ್ಲ. ಹನ್ನೆರಡು ವರ್ಷ ಯೋಜನೆ ಬರೆದ. ಬರೆದದ್ದನ್ನೆಲ್ಲ ಹೊಲಿದು ಮೂರು ಸಂಪುಟ ಮಾಡಿದ. ಮೊದಲನೆಯದು ಗಾಳಿ, ಅಲೆ. ಎರಡನೆಯದು ಹಕ್ಕಿಗಳ ಗುಣಸ್ವಭಾವ. ಮೂರನೆಯದರಲ್ಲಿ ದೋಣಿ ಹತ್ತುವ ಹಗ್ಗದ ಏಣಿಯನ್ನು ಮೊದಲು ಯಾವ ಕೈಯಲ್ಲಿ ಹಿಡಿಯಬೇಕೆಂಬುದೂ ಇತ್ತು. ಕೊನೆಗೆ ‘ನಾನು ಕಂಡದ್ದು’ ಎಂಬ ಅಧ್ಯಾಯವನ್ನೂ ಬರೆದು ಮುಗಿಸಿಬಿಟ್ಟಿದ್ದ. ಅಂಗಡಿಗೆ ಬಂದವರಿಗೆ ಅದನ್ನೇ ಓದಿ ಹೇಳುತ್ತಿದ್ದ.

“ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದ್ದೆ, ಭಾವ,” ಎಂದ ಹೆಂಡತಿಯ ತಮ್ಮ. “ನೀವು ಕೂಸಿನ ಮೊಮ್ಮಗನಿಗೂ ಹೊಲಿದಿಟ್ಟಿದ್ದೀರಲ್ಲ!”

ಆ ವರ್ಷ, ದ್ವೀಪಕ್ಕೆ ವರ್ಷಕ್ಕೊಮ್ಮೆ ಜನರನ್ನು ಕರೆದೊಯ್ಯುತ್ತಿದ್ದ ದೋಣಿಯವನಿಂದ ಕಾಗದ ಬಂತು. ಇದೇ ಕೊನೆಯ ಸಲ; ಇನ್ನು ಮುಂದೆ ದ್ವೀಪಕ್ಕೆ ಮನುಷ್ಯರ ಕಾಲು ಬೀಳುವಂತಿಲ್ಲ, ಹಕ್ಕಿಗಳು ನೆಮ್ಮದಿಯಾಗಿರಲಿ ಎಂದು ತೀರ್ಮಾನವಾಗಿದೆ. ಬರುವವರು ಶುಕ್ರವಾರದೊಳಗೆ ಹೆಸರು ಕಳಿಸಬೇಕು.

ಹೆಂಡತಿ ಆಸ್ಪತ್ರೆಯ ಬಟ್ಟೆಮನೆಯಲ್ಲಿ ಹಾಸಿಗೆ ಹೊದಿಕೆಗಳಿಗೆ ಇಸ್ತ್ರಿ ಹಾಕುವವಳು. ಹನ್ನೆರಡು ವರ್ಷ ಹಕ್ಕಿಪುರಾಣ ಕೇಳಿ ಕೇಳಿ ಅವಳಿಗೂ ಆಸೆ ಹತ್ತಿತ್ತು.

“ಬರೀರಿ, ಇಬ್ಬರ ಹೆಸರೂ.”

“ಪದಸೂಚಿ ಇನ್ನೂ ಆಗಿಲ್ಲ ಕಣೆ.”

“ಹಕ್ಕಿಗ್ಯಾಕೆ ಪದಸೂಚಿ?”

“ಯಾವ ಹಕ್ಕಿ ಯಾವ ಪುಟದಲ್ಲಿದೆ ಅಂತ ಅಲ್ಲಿ ನಿಂತು ಹುಡುಕೋಕಾಗುತ್ತಾ?”

“ತಲೆ ಎತ್ತಿದ್ರೆ ಕಾಣುತ್ತಲ್ರೀ!”

ಅವನು ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದ. ದೋಣಿ ಹತ್ತಿ ಗೊತ್ತಿಲ್ಲದವನು. ಏಣಿಯ ಮೇಲೆ ಕಾಲು ನಡುಗಿದರೆ ಹತ್ತು ಜನ ನೋಡುತ್ತಾರೆ. ಅದನ್ನಾದರೂ ನುಂಗಿಕೊಳ್ಳಬಹುದು. ಹಕ್ಕಿಗಳು ತಾನು ಬರೆದಂತೆ ನಡೆದುಕೊಳ್ಳದೆ ಹೋದರೆ? ಬೀದಿಗೆಲ್ಲ ಪಾಠ ಹೇಳಿದ ಬಾಯಿಯನ್ನು ಎಲ್ಲಿಟ್ಟುಕೊಳ್ಳುವುದು?

ಗುರುವಾರ ಮುಗಿದರೂ ಪದಸೂಚಿ ‘ಗ’ ದಾಟಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ತನ್ನದೂ ತಮ್ಮನದೂ ಹೆಸರು ಬರೆದು ಅಂಚೆಗೆ ಹಾಕಿದಳು. ಹೊರಡುವ ದಿನ ಅವನು ಮೂರು ಸಂಪುಟಗಳನ್ನೂ ಅವಳ ಚೀಲಕ್ಕೆ ತುರುಕಿದ. ಅವಳು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಆ ಜಾಗಕ್ಕೆ ಒಂದು ಶಾಲು ಹಾಕಿಕೊಂಡಳು.

ಒಂಬತ್ತು ದಿನದ ಮೇಲೆ ಬಂದಳು. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು, ಗಂಟಲು ಕಟ್ಟಿತ್ತು, ಮಾತು ಮಾತ್ರ ನಿಂತಿರಲಿಲ್ಲ. ಅವನು ಎರಡನೇ ಸಂಪುಟ ಬಿಚ್ಚಿಕೊಂಡು ಎದುರು ಕೂತ, ಪಾಠ ಒಪ್ಪಿಸಿಕೊಳ್ಳುವ ಮೇಷ್ಟ್ರ ಹಾಗೆ.

“ಗೂಡಿನ ಪಕ್ಕ ಹೋಗ್ತಿದ್ದೆ. ಮರಿ ಬಾಯಿ ತೆಗೆದು ನನ್ನ ಶಾಲಿನ ಮೇಲೆಲ್ಲ ಕಕ್ಕಿತು ನೋಡಿ!”

“ಕಕ್ಕಲ್ಲ. ನೂರಾ ಹನ್ನೆರಡನೇ ಪುಟ. ಸೌಮ್ಯ ಸ್ವಭಾವ.”

“ಹಂಗಾದ್ರೆ ನೂರಾ ಹದಿಮೂರನೇದು ಕಕ್ಕಿರಬೇಕು.”

“ನೀವು ಹೋಗಿದ್ದು ಬೇರೆ ದ್ವೀಪ.”

“ಅವರ ಮೊಲಕ್ಕೆ ಮೂರೇ ಕಾಲು, ಬಿಡಕ್ಕ,” ಎಂದು ತಮ್ಮ ಹೊಟ್ಟೆ ಹಿಡಿದು ನಕ್ಕ.

ಮರುದಿನದಿಂದ ಅಂಗಡಿಗೆ ಬಂದವರು ಒತ್ತುಯಂತ್ರದ ಕಡೆ ತಿರುಗಿಯೂ ನೋಡದೆ ಕೇಳತೊಡಗಿದರು: “ಅಕ್ಕ ಕೆಲಸದಿಂದ ಎಷ್ಟು ಹೊತ್ತಿಗೆ ಬರ್ತಾರೆ?” ಅವನು, “ನಾನೂ ಹೊರಟೇ ಇದ್ದೆ, ಅಷ್ಟರಲ್ಲಿ ದ್ವೀಪಾನೇ ಮುಚ್ಚಿಬಿಟ್ಟರು,” ಅನ್ನುತ್ತಿದ್ದ. ಮೊದಲ ಅರ್ಧ ಕೇಳಲೂ ಯಾರಿಗೂ ಪುರುಸೊತ್ತಿರಲಿಲ್ಲ.

ಶಾಲನ್ನು ಅವಳು ಬಟ್ಟೆಮನೆಯ ಕುದಿಯುವ ನೀರಲ್ಲಿ ಮೂರು ಸಲ ಒಗೆದರೂ ನಾತ ಹೋಗಲಿಲ್ಲ. ಹಿತ್ತಲ ಹಗ್ಗದ ಮೇಲೆ ಹಾಕಿ ಕೆಲಸಕ್ಕೆ ಹೋದಳು. ಅವನು ಅಂಗಡಿಗೆ ಅರ್ಧ ಬಾಗಿಲು ಎಳೆದು ಮನೆಗೆ ಬಂದು, ಹಿತ್ತಲಿಗೆ ಹೋಗಿ ಶಾಲಿನ ಅಂಚನ್ನು ಮೂಗಿಗೆ ಹಿಡಿದ. ಕೊಳೆತ ಮೀನು, ಕಮಟು ಎಣ್ಣೆ. ಥಟ್ಟನೆ ಮುಖ ಹಿಂದಕ್ಕೆಳೆದ. ಅತ್ತಿತ್ತ ನೋಡಿದ. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದ.