ಅಳದ ಮಕ್ಕಳ ಡಾಕ್ಟರು

ಮಗು ಅತ್ತರೆ ಡಾಕ್ಟರ್ ಭಾಗೀರಥಿ ತಿರುಗಿಯೂ ನೋಡುತ್ತಿರಲಿಲ್ಲ. ಅಳದೆ ಮಲಗಿದ ಮಗುವಿನ ಮುಂದೆ ಮಾತ್ರ ಅವರ ಹೆಜ್ಜೆ ನಿಲ್ಲುತ್ತಿತ್ತು. ಎಂಬತ್ತರ ದಶಕದಲ್ಲಿ ವಿಜಯನಗರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಅವರು ಮಕ್ಕಳ ಡಾಕ್ಟರು, ನಾನು ನರ್ಸು. ಡಾಕ್ಟರು ಎತ್ತರದ, ಸಣಕಲು ಹೆಂಗಸು. ರಬ್ಬರ್ ಚಪ್ಪಲಿಯಲ್ಲಿ ಸದ್ದಿಲ್ಲದೆ ಬಂದು ತೊಟ್ಟಿಲ ಪಕ್ಕ ನಿಂತಿರುತ್ತಿದ್ದರು. ಹೊರಳಿ ನೋಡಿದ ಬಾಣಂತಿ ಬೆಚ್ಚಿಬೀಳುತ್ತಿದ್ದಳು.

ಸೋಂಕಿನ ಸುಳಿವನ್ನು ರಕ್ತದಲ್ಲೇ ಹುಡುಕುವ ಪರೀಕ್ಷೆಯೊಂದು ಆಗ ನಮ್ಮಲ್ಲಿಗೆ ಹೊಸದಾಗಿ ಬಂದಿತ್ತು. ಮಗುವಿನ ಹಿಮ್ಮಡಿಯಿಂದ ತೆಗೆದ ರಕ್ತದ ತಿಳಿಯನ್ನು ಕಪ್ಪು ಗಾಜಿನ ಮೇಲೆ ಹಾಲಿನಂಥ ದ್ರವದೊಂದಿಗೆ ಬೆರೆಸಿ ಅಲ್ಲಾಡಿಸಬೇಕು. ಅದು ನಯವಾಗೇ ಉಳಿದರೆ ಸರಿ. ಒಡೆದ ಹಾಲಿನ ಹಾಗೆ ಕಾಳುಕಾಳಾದರೆ ಒಳಗೆ ಸೋಂಕಿದೆ ಎಂದರ್ಥ. "ಮುಖ ಸುಳ್ಳು ಹೇಳತ್ತೆ ಕಣೇ. ರಕ್ತ ಸ್ವಲ್ಪ ತಡವಾದ್ರೂ ನಿಜ ಹೇಳತ್ತೆ," ಎನ್ನುತ್ತಿದ್ದರು ಡಾಕ್ಟರು.

ಒಮ್ಮೆ ಹತ್ತಿರದ ಉಲ್ಲಾಳದ ಕಡೆಯವಳೊಬ್ಬಳು ಅವಳಿ ಹೆಣ್ಣುಮಕ್ಕಳನ್ನು ಹೆತ್ತಳು. ಒಂದು ಒಂದೇ ಸಮನೆ ಅಳುತ್ತಿತ್ತು. ಇನ್ನೊಂದು ತೆಪ್ಪಗೆ ಮಲಗಿತ್ತು. "ಇದು ನೋಡಿ, ದೇವರಂಥ ಮಗು," ಎಂದು ಅಜ್ಜಿ ಹೆಮ್ಮೆಪಟ್ಟರು. ಡಾಕ್ಟರು ಎರಡರ ಹಿಮ್ಮಡಿಗೂ ಚುಚ್ಚಿದರು. ದೇವರಂಥ ಮಗು ಮಿಸುಕಲಿಲ್ಲ. ಗಾಜಿನ ಮೇಲೆ ಒಡೆದದ್ದು ಅದರ ರಕ್ತವೇ. ಅದಕ್ಕೆ ಮಾತ್ರ ಆಂಟಿಬಯಾಟಿಕ್ ಶುರುಮಾಡಿದರು.

"ಚೆನ್ನಾಗಿರೋ ಮಗೂಗೆ ಇಂಜೆಕ್ಷನ್ನು, ಅಳೋದಕ್ಕೆ ಏನೂ ಇಲ್ವಾ?" ಅಜ್ಜಿ ಕೇಳಿದರು.

"ಇವತ್ತು ಬೇಡ ಅಮ್ಮ. ನಾಳೆ ಮತ್ತೆ ನೋಡ್ತೀನಿ."

ಸಂಜೆ ಹೊತ್ತಿಗೆ ತೆಪ್ಪಗಿದ್ದ ಮಗುವಿನ ಮೈ ತಣ್ಣಗಾಗಿ ಬೂದಿಬಣ್ಣಕ್ಕೆ ತಿರುಗಿತು. ಇಂಜೆಕ್ಷನ್ ಆಗಲೇ ಒಳಗೆ ಹೋಗಿದ್ದರಿಂದ ಜೀವ ಹಿಡಿದುಕೊಂಡಿತು. ಮರುದಿನ ಮಧ್ಯಾಹ್ನ ಮೊದಲ ಸಲ ಬಾಯಿ ತೆರೆದು ಅತ್ತಿತು. ತಾಯಿ ನಕ್ಕಳು. ಅದೇ ಗಳಿಗೆಯಲ್ಲಿ, ಹುಟ್ಟಿದಾಗಿನಿಂದ ಬಾಯಿ ಮುಚ್ಚದಿದ್ದ ಇನ್ನೊಂದು ಮಗು ಅಳು ನಿಲ್ಲಿಸಿತು, ಯಾರೋ ಒಂದರ ದನಿ ಕಿತ್ತು ಇನ್ನೊಂದಕ್ಕೆ ಕೊಟ್ಟ ಹಾಗೆ. ನಾನು ತೊಟ್ಟಿಲ ಕಡೆ ಓಡಿದೆ. ನಾನು ಕರೆದಿರಲಿಲ್ಲ, ಆದರೂ ಡಾಕ್ಟರು ಬಾಗಿಲಲ್ಲಿ ನಿಂತಿದ್ದರು.

"ರಕ್ತ ತಗೊಂಡು ಔಷಧಿ ಹಾಕು. ಗಾಜಿಗೋಸ್ಕರ ಕಾಯಬೇಡ," ಎಂದರು.

ನಿನ್ನೆ ನಯವಾಗಿದ್ದ ಅದರ ರಕ್ತ ಇವತ್ತು ಗಾಜಿನ ಮೇಲೆ ನಮ್ಮ ಕಣ್ಣೆದುರೇ ಒಡೆಯಿತು.

ಎರಡೂ ಮಕ್ಕಳು ಬದುಕಿದವು. ಗಾಜಿನ ಮೇಲೆ ಎರಡರ ರಕ್ತವೂ ನಯವಾಗಿ ಉಳಿದ ಮೇಲೆ ಡಾಕ್ಟರು ಔಷಧಿ ನಿಲ್ಲಿಸಿ ಮನೆಗೆ ಕಳಿಸಿದರು. ಆದರೆ ಹೊರಡುವಾಗ ಅಜ್ಜಿ ಬಾಗಿಲಲ್ಲೇ ನಿಂತು ಮಕ್ಕಳಿಗೆ ದೃಷ್ಟಿ ನಿವಾಳಿಸಿದರು. "ಆಯಮ್ಮ ನಾಳೆ ನೋಡ್ತೀನಿ ಅಂದ್ರು, ನಾಳೆಗೇ ಆಯ್ತು" ಎಂಬ ಮಾತು ಬೀದಿಬೀದಿ ಸುತ್ತಿತು. ಅಲ್ಲಿಂದ ಮುಂದೆ ಡಾಕ್ಟರು ಬಂದರೆ ಬಾಣಂತಿಯರು ಸೆರಗೆಳೆದು ಮಗುವಿನ ಮುಖ ಮುಚ್ಚತೊಡಗಿದರು. ಡಾಕ್ಟರು ಆ ಸೆರಗು ಸರಿಸಿ ನೋಡುತ್ತಿದ್ದರು.

ಡಾಕ್ಟರು ಕೆಲಸ ಬಿಟ್ಟು ಊರಿಗೆ ಹೊರಟ ದಿನ ನಾನು ಅವರನ್ನು ಗೇಟಿನ ತನಕ ಬಿಡಲು ಹೋದೆ. "ಜನ ಹೀಗೆ ಹೆದರಿದ್ರೆ ನಿಮಗೆ ಬೇಜಾರಾಗಲ್ವಾ ಮೇಡಂ?" ಎಂದು ಕೇಳಿದೆ.

"ಹೆದರೋ ತಾಯಿ ಮಗೂನ ಬೇಗ ಕರ್ಕೊಂಡು ಬರ್ತಾಳೆ. ಹೆದರ್ಲಿ ಬಿಡು," ಎಂದು ಆಟೋ ಹತ್ತಿದರು. ಮತ್ತೆ ಅವರನ್ನು ನೋಡಲಿಲ್ಲ.

ಆಮೇಲೆ ಬಂದ ಡಾಕ್ಟರು ನಗುಮುಖದವರು. ತಾಯಂದಿರು ಮಕ್ಕಳನ್ನು ತಾವಾಗೇ ಎತ್ತಿ ತೋರಿಸುತ್ತಿದ್ದರು. ಯಾರೂ ಯಾರ ಮುಖವನ್ನೂ ಮುಚ್ಚುತ್ತಿರಲಿಲ್ಲ. ಅಳದೆ ಮಲಗಿದ ಆ ತೆರೆದ ಮುಖಗಳನ್ನು ನೋಡಿದರೆ ನನಗೇ ಭಯವಾಗುತ್ತಿತ್ತು.