ಕರಗುವ ಹಿಮಕ್ಕೆ ಸುಣ್ಣ ಬಳಿಯದ ಮೇಷ್ಟ್ರು

ಮೂಡಲಗಿರಿಯಪ್ಪ ಮೇಷ್ಟ್ರು ಸಮುದ್ರವನ್ನೇ ನೋಡಿದವರಲ್ಲ. ಆದರೂ ಆಫ್ರಿಕದ ಕಿಲಿಮಂಜಾರೊ ಬೆಟ್ಟಕ್ಕಾಗಿ ಹಟ ಹಿಡಿದು ಕೈಗೆ ಬಂದ ಹೆಡ್‌ಮಾಸ್ಟರ್ ಹುದ್ದೆ ಬಿಟ್ಟರು. ಹೋದ ತಿಂಗಳು ಅವರು ತೀರಿಕೊಂಡಾಗ ಮಾತಾಡಿಸಲು ಬಂದವರು ಅದನ್ನು ಪೆದ್ದುತನ ಅಂದರು. ಪೆದ್ದುತನವಲ್ಲ ಎಂದು ಹೇಳುವುದಕ್ಕೇ ಇದನ್ನು ಬರೆದದ್ದು.

ಚೇಳೂರಿನ ಶಾಲೆಯಲ್ಲಿ ಅವರು ಭೂಗೋಳ ಹೇಳುತ್ತಿದ್ದರು. ಅಂಗಳದ ಮೂಲೆಯಲ್ಲಿ ಹುತ್ತದ ಮಣ್ಣಿನಿಂದ ಎದೆಮಟ್ಟದ ಕಿಲಿಮಂಜಾರೊ ಬೆಟ್ಟ ಕಟ್ಟಿ, ನೆತ್ತಿಗೆ ಹಿಮದಂತೆ ಸುಣ್ಣ ಬಳಿದಿದ್ದರು. ಒಡಲಲ್ಲಿ ಬೆಂಕಿ, ತಲೆಯ ಮೇಲೆ ಹಿಮ ಎಂದರೆ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದವು.

೧೯೫೭ರ ಬೇಸಗೆಯಲ್ಲಿ ತುಮಕೂರಿನ ಲೈಬ್ರರಿಯಲ್ಲಿ ಆ ಬೆಟ್ಟದ ಎರಡು ಚಿತ್ರ ಸಿಕ್ಕಿದವು. ಒಂದು ನಲವತ್ತು ವರ್ಷ ಹಳೆಯದು, ಇನ್ನೊಂದು ಹೊಸದು. ಎರಡೂ ಒಂದೇ ದಿಕ್ಕಿನಿಂದ ತೆಗೆದವು. ತೆಳು ಕಾಗದದ ಮೇಲೆ ಎರಡರ ಹಿಮದ ಅಂಚನ್ನೂ ಪೆನ್ಸಿಲಿನಲ್ಲಿ ಇಳಿಸಿಕೊಂಡು, ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಹಿಮ ಮೇಲಕ್ಕೆ ಸರಿದಿತ್ತು. ಶಾಲೆ ತೆರೆದ ದಿನವೇ ತೆಂಗಿನ ಚಿಪ್ಪಿನಿಂದ ತಮ್ಮ ಬೆಟ್ಟದ ಸುಣ್ಣವನ್ನೂ ಒಂದು ಗೇಣು ಕೆರೆದುಹಾಕಿದರು.

ಇನ್‌ಸ್ಪೆಕ್ಟರು ಬರುತ್ತಾರೆಂದರೆ ಶಾಲೆಗೆ ಸುಣ್ಣ ಹೊಡೆಯುವುದು ವಾಡಿಕೆ. ಆ ವರ್ಷ ಜವಾನ ತಿಪ್ಪಯ್ಯ ಗೋಡೆಗಳನ್ನೆಲ್ಲ ಮುಗಿಸಿ, ಮಿಕ್ಕ ಸುಣ್ಣವನ್ನು ಬೆಟ್ಟದ ಬುಡದವರೆಗೂ ಬಳಿದುಬಿಟ್ಟ.

"ಏನ್ಲಾ ತಿಪ್ಪಯ್ಯ, ಆಫ್ರಿಕಾಗೆಲ್ಲಾ ಹಿಮ ಸುರಿಸ್ಬುಟ್ಯಲ್ಲೋ!"

"ಬೆಳ್ಳಗಿದ್ರೆ ಸಾಹೇಬ್ರಿಗೆ ಇಷ್ಟ ಆಯ್ತದೆ, ಬುಡಿ ಮೇಷ್ಟ್ರೇ."

ಮೇಷ್ಟ್ರು ನಗುತ್ತಲೇ ಚಿಪ್ಪು ಹಿಡಿದು ಕೆರೆಯುತ್ತಿದ್ದಾಗ ಇನ್‌ಸ್ಪೆಕ್ಟರ್ ವೆಂಕಟರಂಗಯ್ಯನವರು ಬಸ್ಸಿಳಿದು ಬಂದರು.

"ಏನ್ರೀ ಇದು, ಹೊಡೆದ ಸುಣ್ಣ ಕೆರೀತಿದೀರಿ?"

"ಹಿಮ ಕರಗ್ತಾ ಇದೆ ಸಾರ್."

"ಪುಸ್ತಕದಲ್ಲಿ ಸದಾ ಹಿಮ ಅಂತಿದೆಯಲ್ರೀ."

ಮೇಷ್ಟ್ರು ಕಾಗದಗಳನ್ನು ತೋರಿಸಿದರು. ಇನ್‌ಸ್ಪೆಕ್ಟರು ಬಹಳ ಹೊತ್ತು ನೋಡಿ ಹಿಂದಕ್ಕೆ ಕೊಟ್ಟರು. "ನಿಜಾನೇ ಇರ್ಬಹುದು. ಪರೀಕ್ಷೇಲಿ ಮಕ್ಳು ಹೀಗೆ ಬರೆದ್ರೆ ಯಾರು ಮಾರ್ಕ್ಸ್ ಕೊಡ್ತಾರೆ? ಗುಬ್ಬಿ ಹೆಡ್‌ಮಾಸ್ಟರ್ ಪೋಸ್ಟಿಗೆ ನಿಮ್ಮ ಹೆಸರೇ ಇದೆ. ಪುಸ್ತಕದಲ್ಲಿರೋದನ್ನೇ ಹೇಳ್ತೀನಿ ಅಂತ ಒಂದು ಸಾಲು ಬರೆದುಕೊಡಿ. ನಾಳೆ ನಾನು ಹೊರಡೋದ್ರೊಳಗೆ."

ಮನೆಯಲ್ಲಿ ಹೆಂಡತಿ ನರಸಿಂಹಮ್ಮ ಕೆಂಡವಾದರು. ಗುಬ್ಬಿಗೆ ಹೋದರೆ ಮಗಳು ಭದ್ರಮ್ಮ ಹೈಸ್ಕೂಲು ಓದಬಹುದೆಂದು ಅವರು ಕಾದಿದ್ದರು.

"ಆ ಬೆಟ್ಟ ಏನ್ ನಿಮ್ಮಪ್ಪನ ಆಸ್ತಿಯಾ? ಇದ್ರೆಷ್ಟು, ಕರಗಿದ್ರೆಷ್ಟು!"

"ನಾಳೆ ಕಾಪಿ ಹೊಡೆದ ಹುಡುಗನ ಕಿವಿ ಯಾವ ಮುಖ ಇಟ್ಕೊಂಡು ಹಿಂಡ್ಲೇ?"

"ಹಿಂಡ್ಬ್ಯಾಡಿ!" ಎಂದರು ನರಸಿಂಹಮ್ಮ.

ಮಗಳ ಮುಖ ನೋಡಲು ಮೇಷ್ಟ್ರಿಗೆ ಆಗಲಿಲ್ಲ. ಬೆಳಿಗ್ಗೆ ಊಟ ಬಿಟ್ಟೇ ಶಾಲೆಗೆ ಹೋಗಿ ಬರೆದುಕೊಟ್ಟರು: 'ನಾನು ಕಂಡದ್ದನ್ನೇ ಪಾಠ ಮಾಡುತ್ತೇನೆ.'

"ಇದಲ್ಲ, ಬೇರೆ ಬರೀರಿ," ಎಂದು ಇನ್‌ಸ್ಪೆಕ್ಟರು ಹರಿದುಹಾಕಿದರು. ಮೇಷ್ಟ್ರು ಇನ್ನೊಂದು ಹಾಳೆ ತೆಗೆದು ಅದೇ ಸಾಲನ್ನು ದಪ್ಪ ಅಕ್ಷರದಲ್ಲಿ ಬರೆದರು. ಸಹಿಯ ಕೆಳಗೆ ತಾರೀಖನ್ನೂ ಹಾಕಿದರು.

ತಿಂಗಳೊಳಗೆ ಕುಣಿಗಲ್ ಆಚೆಯ ಹಳ್ಳಿಗೆ ವರ್ಗವಾಯಿತು. ಭದ್ರಮ್ಮ ದಿನಾ ಮೂರು ಮೈಲಿ ನಡೆದು ಕುಣಿಗಲ್ಲಿನಲ್ಲಿ ಹೈಸ್ಕೂಲು ಓದಿದಳು. ಮಳೆ ಬಂದ ದಿನ ಮೇಷ್ಟ್ರೇ ಕೊಡೆ ಹಿಡಿದು ಅರ್ಧ ದಾರಿ ಜೊತೆಗೆ ಹೋಗುತ್ತಿದ್ದರು, ಆ ಬೆಟ್ಟದ ವಿಚಾರಕ್ಕೇ ಅಪ್ಪ ಮಗಳು ಜೋರಾಗಿ ಜಗಳವಾಡಿಕೊಂಡು.